ಜಪಾನಿನಿಂದ ಅತಿಥಿಗಳು ಬರುವಾಗ: ಮೊದಲ ಮೇಲ್‌ನಿಂದ ಬೀಳ್ಕೊಡುವವರೆಗೆ

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನಿದ್ದ ಬಿಡಿಭಾಗದ ಕಾರ್ಖಾನೆಗೆ ಜಪಾನಿನಿಂದ ಮೂವರು ಬಂದಿದ್ದರು. ಬಾಗಿಲಲ್ಲಿ ಆರತಿ ಎತ್ತಿದೆವು. ಹಣೆಗೆ ಕುಂಕುಮ ಇಟ್ಟೆವು. ದಪ್ಪನೆಯ ಬಿಳಿ ಸೇವಂತಿಗೆ ಹಾರ ಹಾಕಿದೆವು. ಅವರಲ್ಲಿ ಹಿರಿಯರು ತಲೆ ಬಾಗಿಸಿ ಹಾರ ಹಾಕಿಸಿಕೊಂಡರು, ನಕ್ಕರು, ಫೋಟೊಗೆ ನಿಂತರು. ಸಂಜೆ ಅವರ ದುಭಾಷಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: ಜಪಾನಿನಲ್ಲಿ ಬಿಳಿ ಸೇವಂತಿಗೆ ಸಾವಿನ ಮನೆಗೆ ಒಯ್ಯುವ ಹೂವು.

ಅವತ್ತು ನಮ್ಮ ಪ್ರೀತಿಗೇನೂ ಕಡಿಮೆ ಇರಲಿಲ್ಲ. ಎರಡು ದಿನ ಮೊದಲು ಆ ದುಭಾಷಿಗೆ ಒಂದು ಮಾತು ಕೇಳಿದ್ದರೆ ಸಾಕಿತ್ತು. ಆಮೇಲೆ ಎಷ್ಟೋ ತಂಡಗಳನ್ನು ಬರಮಾಡಿಕೊಂಡಿದ್ದೇನೆ. ಪ್ರತಿ ಸಲವೂ ಅದೇ ಪಾಠ. ನಾವು ಅತಿಥಿಗೆ ಗೊತ್ತಾಗದ ಹಾಗೆ ಏನಾದರೂ ದೊಡ್ಡದು ಮಾಡಿ ಖುಷಿ ಕೊಡಲು ನೋಡುತ್ತೇವೆ. ಅವರಿಗೆ ಅತಿಥಿ ಸತ್ಕಾರ ಅಂದರೆ, ಬಂದವರಿಗೆ 'ಮುಂದೇನು' ಅನ್ನುವ ಚಿಂತೆಯೇ ಬಾರದ ಹಾಗೆ ನೋಡಿಕೊಳ್ಳುವುದು. ಹಾಗಾಗಿ ಈ ಬರಹದ ತುಂಬ ನಾನು ಹೇಳುವುದು ಹೆಚ್ಚುಕಡಿಮೆ ಒಂದೇ: ಎಲ್ಲವನ್ನೂ ಮೊದಲೇ ತಿಳಿಸಿ, ತಿಳಿಸಿದ ಹಾಗೆಯೇ ಮಾಡಿ.

ಟೊಯೋಟಾ ಕಿರ್ಲೋಸ್ಕರ್ ಕಂಪನಿ 1997ರಲ್ಲಿ ಶುರುವಾಗಿ ಬಿಡದಿಗೆ ಬಂತು. 2013ರಲ್ಲಿ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನದ ಕಾರ್ಖಾನೆ ಶುರುವಾಯಿತು. ಇವುಗಳ ಸುತ್ತ ನೂರಾರು ಸಣ್ಣ ಕಾರ್ಖಾನೆಗಳು, ವರ್ಕ್‌ಶಾಪ್‌ಗಳು ಇವೆ. ಅಲ್ಲಿ ಕೆಲಸ ಮಾಡುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಸಾಫ್ಟ್‌ವೇರ್ ಕಂಪನಿಯವರಿಗೂ ಮುಕ್ಕಾಲು ಪಾಲು ಹೊಂದುತ್ತದೆ.

ಹೆಜ್ಜೆ 1: ದಿನಾಂಕ ಗೊತ್ತು ಮಾಡುವುದು

ಮೂರು ಸಮಯ ಬಿಟ್ಟುಬಿಡಿ. ಏಪ್ರಿಲ್ 29ರಿಂದ ಮೇ 5ರವರೆಗೆ ಸಾಲು ರಜೆ, ಅದನ್ನು 'ಗೋಲ್ಡನ್ ವೀಕ್' ಅನ್ನುತ್ತಾರೆ. ಆಗಸ್ಟ್ ಮಧ್ಯದಲ್ಲಿ 'ಓಬೊನ್', ಹಿರಿಯರನ್ನು ನೆನೆಯುವ ಹಬ್ಬ. ನಮ್ಮ ಪಿತೃಪಕ್ಷದ ಹಾಗೆ ಅಂದುಕೊಳ್ಳಿ, ಊರಿಗೆ ಹೋಗುವವರ ನೂಕುನುಗ್ಗಲು ಜಾಸ್ತಿ. ಡಿಸೆಂಬರ್ ಕೊನೆಯಿಂದ ಜನವರಿ 3ರವರೆಗೆ ಹೊಸ ವರ್ಷದ ರಜೆ. ಅವರ ಹಣಕಾಸು ವರ್ಷವೂ ನಮ್ಮದರಂತೆ ಏಪ್ರಿಲ್‌ನಿಂದ ಮಾರ್ಚ್. ಏಪ್ರಿಲ್‌ನಲ್ಲಿ ವರ್ಗಾವಣೆಗಳೂ ಆಗುತ್ತವೆ. ಫೆಬ್ರವರಿಯಲ್ಲಿ ಮಾತಾಡಿದವರೇ ಮೇ ತಿಂಗಳಲ್ಲಿ ಬರುತ್ತಾರೆ ಅಂತ ನಂಬಿ ಕೂರಬೇಡಿ, ಹೆಸರನ್ನು ಇನ್ನೊಮ್ಮೆ ಕೇಳಿ.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ನಮ್ಮ ಸಂಜೆ ನಾಲ್ಕೂವರೆ ಅವರ ರಾತ್ರಿ ಎಂಟು. ನಮ್ಮ ಬೆಳಗಿನ ಎಂಟೂವರೆಯಿಂದ ಒಂಬತ್ತೂವರೆ ಅವರ ಮಧ್ಯಾಹ್ನದ ಊಟದ ಹೊತ್ತು. ಕರೆ ಮಾಡುವುದಾದರೆ ಬೆಳಿಗ್ಗೆ ಹತ್ತರಿಂದ ಹನ್ನೆರಡರ ಒಳಗೆ ಮಾಡಿ.

ಹೆಜ್ಜೆ 2: ಯಾರು ಬರುತ್ತಾರೆ ಅನ್ನುವ ಪಟ್ಟಿ

ಬರುವವರ ಹೆಸರು, ಹುದ್ದೆ, ವಿಭಾಗ ಕೇಳಿ ಬರೆದಿಟ್ಟುಕೊಳ್ಳಿ. ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಬಹಳ ವರ್ಷ ತಿರುಗುಮುರುಗು ಮಾಡುತ್ತಿದ್ದರು. 2020ರಿಂದ ಸರ್ಕಾರಿ ಕಾಗದಗಳಲ್ಲಿ ಮನೆತನದ ಹೆಸರೇ ಮೊದಲು ಬರುತ್ತಿದೆ, ಕಂಪನಿಗಳಲ್ಲಿ ಎರಡೂ ರೀತಿ ಉಂಟು. ಹಾಗಾಗಿ ಯಾವುದು ಮನೆತನದ ಹೆಸರು ಅಂತ ನೇರವಾಗಿ ಕೇಳುವುದೇ ಸರಿ. ಕರೆಯುವಾಗ ಆ ಹೆಸರಿಗೆ 'ಸಾನ್' ಸೇರಿಸಿ: ತನಾಕಾ-ಸಾನ್, ಸುಜುಕಿ-ಸಾನ್. ಗಂಡಸರಿಗೂ ಹೆಂಗಸರಿಗೂ ಇದೇ. ನಿಮ್ಮ ಹೆಸರಿಗೆ ನೀವೇ 'ಸಾನ್' ಹಚ್ಚಿಕೊಳ್ಳಬೇಡಿ. ನಾವೇ ನಮ್ಮನ್ನು 'ರಾಯರು' ಅಂತ ಕರೆದುಕೊಂಡ ಹಾಗಾಗುತ್ತದೆ.

ಹುದ್ದೆಗಳಲ್ಲಿ ಮೂರು ಗೊತ್ತಿದ್ದರೆ ಸಾಕು. 'ಶಾಚೋ' ಅಂದರೆ ಕಂಪನಿಯ ಮುಖ್ಯಸ್ಥರು, 'ಬುಚೋ' ದೊಡ್ಡ ವಿಭಾಗದ ಮುಖ್ಯಸ್ಥರು, 'ಕಚೋ' ಅವರ ಕೆಳಗಿನ ವಿಭಾಗದವರು. ಬುಚೋ ಬರುತ್ತಿದ್ದರೆ ನಿಮ್ಮ ಕಡೆಯಿಂದಲೂ ಅದೇ ಮಟ್ಟದವರು ಕೂರಬೇಕು. ಅವರ ಬುಚೋ ಎದುರು ನಮ್ಮ ಟ್ರೈನಿ ಇಂಜಿನಿಯರ್ ಒಬ್ಬರೇ ಕೂತರೆ, ನಮಗೆ ಈ ಭೇಟಿ ಮುಖ್ಯವಲ್ಲ ಅಂದುಕೊಳ್ಳುತ್ತಾರೆ.

ನಮ್ಮ ಹೆಸರುಗಳೂ ಅವರಿಗೆ ಕಷ್ಟವೇ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ನಿಂತಿರುತ್ತದೆ. ಯಾವುದನ್ನು ಕರೆಯಬೇಕು ಅಂತ ಅವರಿಗೆ ತಿಳಿಯುವುದಿಲ್ಲ. ನಿಮ್ಮ ಕಡೆಯವರ ಪಟ್ಟಿ ಕಳಿಸುವಾಗ ಪ್ರತಿ ಹೆಸರಿನ ಮುಂದೆ 'ಹೀಗೆ ಕರೆಯಿರಿ' ಅಂತ ಒಂದು ಕಾಲಂ ಹಾಕಿ. ನನ್ನ ಅನುಭವದಲ್ಲಿ ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಧನ್ಯವಾದ ಬೇರೆಲ್ಲೂ ಸಿಕ್ಕಿಲ್ಲ.

ಹೆಜ್ಜೆ 3: ಕಾರ್ಯಕ್ರಮದ ಹಾಳೆ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಕೊಡಿ. 'ಬೆಳಿಗ್ಗೆ ಕಾರ್ಖಾನೆ, ಮಧ್ಯಾಹ್ನ ಊಟ, ಆಮೇಲೆ ಮೀಟಿಂಗ್' ಅಂತ ಮೂರು ಸಾಲು ಬರೆದರೆ ಸಾಲದು. ಅವರಿಗೆ ಬೇಕಾಗಿರುವುದು ಹೀಗಿರುತ್ತದೆ: 8:15ಕ್ಕೆ ಹೋಟೆಲ್ ಲಾಬಿಯಲ್ಲಿ ಭೇಟಿ, ಕಾರಿನ ನಂಬರು, ಚಾಲಕರ ಮೊಬೈಲ್, ಕರೆದೊಯ್ಯಲು ಬರುವವರ ಫೋಟೊ, 9:45ಕ್ಕೆ ಗೇಟು, 9:50ಕ್ಕೆ ಸುರಕ್ಷತೆಯ ಮಾತು, 10:10ಕ್ಕೆ ಪ್ರೆಸ್ ಶಾಪ್ (ತಗಡು ಒತ್ತಿ ಆಕಾರ ಕೊಡುವ ವಿಭಾಗ).

ರಸ್ತೆಯ ಸಮಯವನ್ನು ಸುಮ್ನೆ ಕಡಿಮೆ ತೋರಿಸಬೇಡಿ. ದೇವನಹಳ್ಳಿ ವಿಮಾನ ನಿಲ್ದಾಣದಿಂದ ಬಿಡದಿಗೆ ಎರಡು ಗಂಟೆಗಿಂತ ಕಡಿಮೆ ಬರೆಯುವುದೇ ಬೇಡ. ಎರಡೂವರೆ ಬರೆದು ಬೇಗ ತಲುಪಿದರೆ ಯಾರಿಗೂ ನಷ್ಟವಿಲ್ಲ. ತಡವಾಗುವುದು ಖಚಿತವಾದರೆ ಕೂಡಲೇ ಹೇಳಿ, ಎಷ್ಟು ಅಂತ ನಿಜ ಹೇಳಿ. 'ಇನ್ನೈದು ನಿಮಿಷ' ಅಂತ ನಾಲ್ಕು ಸಲ ಹೇಳುವುದಕ್ಕಿಂತ 'ಇಪ್ಪತ್ತೈದು ನಿಮಿಷ ತಡ' ಅಂತ ಒಮ್ಮೆ ಹೇಳುವುದು ಮೇಲು. ಅವರು ತಡವಾದದ್ದನ್ನು ಕ್ಷಮಿಸುತ್ತಾರೆ. ಸುಳ್ಳು ಅಂದಾಜನ್ನು ನೆನಪಿಟ್ಟುಕೊಳ್ಳುತ್ತಾರೆ.

ಹಾಳೆಯ ಜೊತೆ ಕೆಲವು ಪ್ರಶ್ನೆಗಳನ್ನೂ ಕಳಿಸಿ. ಸೇಫ್ಟಿ ಶೂ ಅಳತೆ ಎಷ್ಟು? (ಜಪಾನಿನಲ್ಲಿ ಇದನ್ನು ಸೆಂಟಿಮೀಟರ್‌ನಲ್ಲಿ ಹೇಳುತ್ತಾರೆ, 26 ಅಂತ ಬಂದರೆ ಗಾಬರಿ ಬೇಡ.) ಏನೇನು ತಿನ್ನುವುದಿಲ್ಲ? ಖಾರ ಎಷ್ಟು ಆಗುತ್ತದೆ? ಆರತಿ, ಕುಂಕುಮ, ಪೇಟ ಇಟ್ಟುಕೊಂಡಿದ್ದೇವೆ, ನಿಮಗೆ ಒಪ್ಪಿಗೆಯೇ? ಮುಚ್ಚುಮರೆ ಇಲ್ಲದೆ ಕೇಳಿ. ಮೊದಲೇ ಗೊತ್ತಿದ್ದರೆ ಅವರು ಮೈಸೂರು ಪೇಟವನ್ನು ಖುಷಿಯಿಂದ ತೊಡುತ್ತಾರೆ. ಹಾರಕ್ಕೆ ಗುಲಾಬಿ ಅಥವಾ ಮಲ್ಲಿಗೆ ತನ್ನಿ. ಸೇವಂತಿಗೆಯಲ್ಲಿ ಹಳದಿಯನ್ನೂ ಅಲ್ಲಿ ಅಂತ್ಯಕ್ರಿಯೆಗೆ ಬಳಸುತ್ತಾರೆ, ಹಾಗಾಗಿ ಯಾವ ಬಣ್ಣದ್ದೂ ಬೇಡ.

ಹೆಜ್ಜೆ 4: ಹಿಂದಿನ ದಿನದ ಓಡಾಟ

ಅತಿಥಿಗಳು ನಡೆಯುವ ದಾರಿಯಲ್ಲಿ ನೀವೇ ಒಮ್ಮೆ ನಡೆದು ನೋಡಿ. ಗೇಟಿನಿಂದ ಮೀಟಿಂಗ್ ರೂಮಿಗೆ, ಅಲ್ಲಿಂದ ಲೈನಿಗೆ, ಲೈನಿನಿಂದ ಶೌಚಾಲಯಕ್ಕೆ. ಶೌಚಾಲಯದ ನೆಲ ಒಣಗಿರಬೇಕು, ಟಿಶ್ಯೂ ಇರಬೇಕು. 5-ಎಸ್ ಬೋರ್ಡ್ ಎಲ್ಲ ಕಾರ್ಖಾನೆಗಳಲ್ಲೂ ತೂಗುತ್ತಿರುತ್ತದೆ: ಸೇಇರಿ, ಸೇಇತೋನ್, ಸೇಇಸೋ, ಸೇಇಕೆತ್ಸು, ಶಿತ್ಸುಕೆ. ಬೇಡದ್ದನ್ನು ತೆಗೆ, ಬೇಕಾದ್ದನ್ನು ಜಾಗದಲ್ಲಿಡು, ಗುಡಿಸು, ಅದನ್ನೇ ಕಾಪಾಡು, ರೂಢಿ ಮಾಡಿಕೋ. ಅತಿಥಿಗಳು ಆ ಬೋರ್ಡನ್ನು ಓದುವುದಿಲ್ಲ. ಸ್ಪ್ಯಾನರ್ ಇಡುವ ಜಾಗ ನೋಡುತ್ತಾರೆ. ರಾತ್ರೋರಾತ್ರಿ ಬಣ್ಣ ಬಳಿದರೆ ವಾಸನೆಯಿಂದಲೇ ಗೊತ್ತಾಗುತ್ತದೆ. ಅದರ ಬದಲು ಕೆಟ್ಟಿರುವ ಒಂದು ಮಿಷನ್ ಮುಂದೆ 'ಇಂಥ ದಿನದಿಂದ ನಿಂತಿದೆ, ಕಾರಣ ಇದು, ಸರಿಯಾಗುವ ದಿನ ಇದು' ಅಂತ ಚೀಟಿ ಅಂಟಿಸಿ. ಹೊಸ ಬಣ್ಣಕ್ಕಿಂತ ಆ ಚೀಟಿಯನ್ನು ಅವರು ಹೆಚ್ಚು ನಂಬುತ್ತಾರೆ.

ರೂಮಿನಲ್ಲಿ ಚಾರ್ಜಿಂಗ್ ಅಡಾಪ್ಟರ್ ಇಡಿ. ಅಲ್ಲಿನ ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ ಇರುತ್ತದೆ, ವೋಲ್ಟೇಜು 100. ಲ್ಯಾಪ್‌ಟಾಪ್ ಚಾರ್ಜರ್ ನಮ್ಮ 230ಕ್ಕೆ ಸಾಮಾನ್ಯವಾಗಿ ತಡೆಯುತ್ತದೆ, ಆದರೆ ಬೇರೆ ಉಪಕರಣ ಹಾಕುವ ಮುನ್ನ ಅದರ ಮೇಲೆ ಬರೆದದ್ದನ್ನು ಓದಲು ಹೇಳಿ.

ಹೆಜ್ಜೆ 5: ಕಾರು, ಕುರ್ಚಿ, ಲಿಫ್ಟು

ಚಾಲಕರಿರುವ ಕಾರಿನಲ್ಲಿ ಅವರ ಲೆಕ್ಕದ ಗೌರವದ ಜಾಗ ಚಾಲಕನ ಹಿಂದಿನ ಸೀಟು. ನಮ್ಮಲ್ಲಿ ಸಾಹೇಬರು ಹಿಂದುಗಡೆ ಎಡಕ್ಕೆ ಕೂರುವುದು ರೂಢಿ. ಇಲ್ಲೊಂದು ತೊಡಕಿದೆ. ಬಲಗಡೆ ಬಾಗಿಲು ರಸ್ತೆಗೆ ತೆರೆಯುತ್ತದೆ, ವಯಸ್ಸಾದವರು ಆ ಕಡೆಯಿಂದ ಹತ್ತುವುದು ಅಪಾಯ. ನಾನು ಎಡ ಬಾಗಿಲು ತೆರೆದು, 'ನಿಮಗೆ ಯಾವ ಕಡೆ ಅನುಕೂಲ?' ಅಂತ ಕೇಳುತ್ತೇನೆ. ಅವರ ಕಿರಿಯರು ತಾವೇ ಸರಿಮಾಡಿಕೊಳ್ಳುತ್ತಾರೆ. ಚಾಲಕನ ಪಕ್ಕದ ಸೀಟು ನಿಮ್ಮದು. ಎರಡು ಕಾರು ಇದ್ದರೆ ದುಭಾಷಿಯನ್ನು ಹಿರಿಯರ ಕಾರಿನಲ್ಲೇ ಕೂರಿಸಿ.

ಮೀಟಿಂಗ್ ರೂಮಿನಲ್ಲಿ ಬಾಗಿಲಿಗೆ ಅತಿ ದೂರದ ಸಾಲು ಅತಿಥಿಗಳದ್ದು. ಇದಕ್ಕೆ 'ಕಾಮಿಜಾ' ಅನ್ನುತ್ತಾರೆ, ಮೇಲಿನ ಆಸನ ಅಂತ ಅರ್ಥ. ಬಾಗಿಲ ಹತ್ತಿರದ್ದು 'ಶಿಮೋಜಾ', ಅದು ಮನೆಯವರಿಗೆ. ಸಾಲಿನ ನಡುವೆ ಅವರ ಹಿರಿಯರು, ಎದುರಿಗೆ ನಿಮ್ಮ ಹಿರಿಯರು. ಕುರ್ಚಿ ತೋರಿಸುವವರೆಗೆ ಅವರು ನಿಂತೇ ಇರುತ್ತಾರೆ. 'ಎಲ್ಲಾದ್ರೂ ಕೂತ್ಕೊಳ್ಳಿ' ಅನ್ನಬೇಡಿ, ಕೈ ತೋರಿಸಿ ಕೂರಿಸಿ. ಲಿಫ್ಟಿನಲ್ಲಿ ಬಟನ್ ಒತ್ತುವ ಕೆಲಸ ನಿಮ್ಮದು, ಇಳಿಯುವಾಗ ಅವರು ಮೊದಲು.

ಹೆಜ್ಜೆ 6: ನಮಸ್ಕಾರ ಮತ್ತು ವಿಸಿಟಿಂಗ್ ಕಾರ್ಡು

ಕೈ ಕುಲುಕಬೇಕೋ, ಬಾಗಬೇಕೋ ಅಂತ ಒದ್ದಾಡುವವರಿಗೆ ನನ್ನ ಸಲಹೆ: ನಮ್ಮ ನಮಸ್ಕಾರವೇ ಸಾಕು. ಕೈ ಜೋಡಿಸಿ ತಲೆ ಸ್ವಲ್ಪ ಬಾಗಿಸಿದರೆ ಅವರ ಬಾಗುವಿಕೆಗೆ ಚೆನ್ನಾಗಿ ಹೊಂದುತ್ತದೆ. ಅವರು ಕೈ ಚಾಚಿದರೆ ಕುಲುಕಿ, ಹಿತವಾಗಿ.

ಕಾರ್ಡು ಅಂದರೆ ಅವರ 'ಮೇಇಶಿ'. ನಮ್ಮಲ್ಲಿ ಅದನ್ನು ಇಸ್ಪೀಟಿನ ಎಲೆಯಂತೆ ಮೇಜಿನ ಮೇಲೆ ಜಾರಿಸಿಬಿಡುತ್ತೇವೆ. ಅಲ್ಲಿ ಅದು ಆ ಮನುಷ್ಯರ ಮುಖದಂತೆ. ಎದ್ದು ನಿಂತು, ಮೇಜು ಸುತ್ತಿ ಅವರ ಬಳಿ ಹೋಗಿ. ಮೊದಲು ಎರಡೂ ಕಡೆಯ ಹಿರಿಯರು, ಆಮೇಲೆ ಕಿರಿಯರು. ಎರಡೂ ಕೈಯಲ್ಲಿ, ಅಕ್ಷರ ಅವರ ಕಡೆಗೆ ಇರುವಂತೆ ಕೊಡಿ. ಕಂಪನಿ, ಹೆಸರು ಹೇಳಿ. ಅವರದ್ದನ್ನೂ ಎರಡೂ ಕೈಯಲ್ಲಿ ತೆಗೆದುಕೊಂಡು ಒಂದು ಕ್ಷಣ ಓದಿ. ಹೆಸರು ಹೇಗೆ ಉಚ್ಚರಿಸುವುದು ಅಂತ ಕೇಳಿದರೆ ಅದು ಗೌರವವೇ. ಕೂತ ಮೇಲೆ ಕಾರ್ಡುಗಳನ್ನು ಅವರು ಕೂತ ಕ್ರಮದಲ್ಲೇ ನಿಮ್ಮ ಮುಂದೆ ಇಡಿ, ಹೆಸರು ಮರೆಯುವುದಿಲ್ಲ. ಅವರೆದುರು ಅದರ ಮೇಲೆ ಬರೆಯಬೇಡಿ, ಹಿಂದಿನ ಜೇಬಿಗೆ ತುರುಕಬೇಡಿ. ನಿಮ್ಮ ಕಾರ್ಡಿನ ಹಿಂದೆ ಜಪಾನಿ ಲಿಪಿಯಲ್ಲಿ ಹೆಸರು ಅಚ್ಚು ಹಾಕಿಸಿದರೆ ಇನ್ನೂ ಒಳ್ಳೆಯದು. ಕಾರ್ಡು ಖಾಲಿ ಆಗುವುದಂತೂ ಆಗಲೇಬಾರದು.

ಹೆಜ್ಜೆ 7: ಮಾತುಕತೆ

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿನ ಮನಸ್ತಾಪ ಹುಟ್ಟುವುದೇ ಇಲ್ಲಿ.

ಅವರು ಮಾತಿನ ನಡುವೆ 'ಹಾಯ್, ಹಾಯ್' ಅನ್ನುತ್ತಿರುತ್ತಾರೆ. ನಿಘಂಟಿನಲ್ಲಿ ಅದಕ್ಕೆ 'ಹೌದು' ಅಂತಿದೆ. ಮಾತುಕತೆಯಲ್ಲಿ ಅದು ನಮ್ಮ 'ಹೂಂ' ಇದ್ದ ಹಾಗೆ, ಕೇಳಿಸಿಕೊಳ್ಳುತ್ತಿದ್ದೇನೆ ಅಂತ ಅಷ್ಟೇ. ಒಪ್ಪಿದರು ಅಂತ ಬರೆದುಕೊಳ್ಳಬೇಡಿ. 'ಕೆಂತೋ ಶಿಮಾಸು' ಅಂದರೆ 'ಪರಿಶೀಲಿಸುತ್ತೇವೆ'. ನಾವು 'ನೋಡೋಣ' ಅನ್ನುತ್ತೇವಲ್ಲ, ಹಾಗೇ. ಅದರಲ್ಲಿ ಬಹಳ ಸಲ 'ಇಲ್ಲ' ಅಡಗಿರುತ್ತದೆ. ಹಲ್ಲಿನ ಸಂದಿಯಿಂದ ಉಸಿರೆಳೆದು 'ಮುಜುಕಶಿಇ', ಅಂದರೆ 'ಕಷ್ಟ', ಅಂದರಂತೂ ಆ ದಾರಿ ಮುಚ್ಚಿತು ಅಂತಲೇ ಲೆಕ್ಕ. ಆಗ ಒತ್ತಾಯ ಮಾಡುವ ಬದಲು, 'ಯಾವ ಭಾಗ ಕಷ್ಟ?' ಅಂತ ಕೇಳಿ.

ಹಾಗೇ ನಮ್ಮ ತಲೆ ಅಲ್ಲಾಡಿಸುವುದು ಅವರಿಗೆ ಅರ್ಥವಾಗುವುದಿಲ್ಲ. ಹೌದಾದರೆ ಬಾಯಲ್ಲೇ ಹೌದು ಅನ್ನಿ. 'ನೋ ಪ್ರಾಬ್ಲಮ್, ಮಾಡ್ಬಿಡೋಣ' ಅಂತ ತಟ್ಟನೆ ಹೇಳುವ ನಮ್ಮ ರೂಢಿಯಿಂದ ಬಹಳ ತೊಂದರೆಯಾಗಿದೆ. ನಾವು ಧೈರ್ಯ ತುಂಬಲು ಹೇಳಿದ್ದನ್ನು ಅವರು ಕೊಟ್ಟ ಮಾತು ಅಂತ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. 'ನಾಳೆ ಸಂಜೆಯೊಳಗೆ ವಿಚಾರಿಸಿ ಹೇಳುತ್ತೇನೆ' ಅನ್ನುವುದು ಎಷ್ಟೋ ಮೇಲು.

ಮಾತು ನಿಂತು ಹತ್ತಿಪ್ಪತ್ತು ಸೆಕೆಂಡು ಮೌನ ಬರಬಹುದು. ಅವರು ಯೋಚಿಸುತ್ತಿದ್ದಾರೆ. ಆ ಮೌನ ತುಂಬಲು ಬೆಲೆ ಇಳಿಸಿಬಿಡಬೇಡಿ.

ನಿರ್ಧಾರ ಆ ದಿನವೇ ಬರಲಿ ಅಂತ ಕಾಯುವುದೂ ಬೇಡ. ಅವರಲ್ಲಿ 'ನೆಮವಾಶಿ' ಅಂತ ಒಂದು ಪದವಿದೆ. ಮರವನ್ನು ಬೇರೆ ಕಡೆ ನೆಡುವ ಮುನ್ನ ಬೇರಿನ ಸುತ್ತ ಬಿಡಿಸಿ ಸಿದ್ಧ ಮಾಡುವ ತೋಟದ ಕೆಲಸ. ಕಚೇರಿಯಲ್ಲಿ ಅದರ ಅರ್ಥ, ಸಭೆಗೆ ಮೊದಲೇ ಪ್ರತಿಯೊಬ್ಬರ ಬಳಿ ಹೋಗಿ ಮಾತಾಡಿ ಒಪ್ಪಿಸುವುದು. ಆಮೇಲೆ 'ರಿಂಗಿ' ಅನ್ನುವ ಕಾಗದ ಮೇಜಿನಿಂದ ಮೇಜಿಗೆ ಹೋಗಿ ಮುದ್ರೆ ಬೀಳುತ್ತದೆ. ತಿಂಗಳು ಹಿಡಿಯಬಹುದು. ಆದರೆ ಒಮ್ಮೆ ಒಪ್ಪಿದರೆ ಎಲ್ಲರೂ ಒಪ್ಪಿದ ಹಾಗೆ, ಕೆಲಸ ಬೇಗ ಸಾಗುತ್ತದೆ. ಹಾಗಾಗಿ ಸ್ಲೈಡುಗಳನ್ನು ಒಂದು ವಾರ ಮೊದಲೇ ಕಳಿಸಿ. ನಿಮ್ಮ ಎದುರು ಕೂತವರು ಊರಿಗೆ ಹೋಗಿ ನಿಮ್ಮ ಪರವಾಗಿ ಮಾತಾಡಬೇಕಾದವರು. ಅವರ ಕೈಗೆ ಸಾಕಷ್ಟು ವಿವರ ಕೊಡಿ.

ಅಂಕಿಗಳಲ್ಲಿ ಎಚ್ಚರ. ಅವರು ಎಣಿಸುವುದು ಹತ್ತು ಸಾವಿರದ ಲೆಕ್ಕದಲ್ಲಿ. ಒಂದು 'ಮಾನ್' ಅಂದರೆ 10,000. ನಮ್ಮ ಒಂದು ಲಕ್ಷ ಅವರಿಗೆ 10 ಮಾನ್, ನಮ್ಮ ಒಂದು ಕೋಟಿ 1,000 ಮಾನ್, ನಮ್ಮ ಹತ್ತು ಕೋಟಿ ಒಂದು 'ಓಕು'. ಅದಕ್ಕೆ ಲಕ್ಷ, ಕೋಟಿ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಎಲ್ಲ ಸೊನ್ನೆಗಳನ್ನೂ ಬೋರ್ಡಿನ ಮೇಲೆ ಬರೆಯಿರಿ. ದಿನಾಂಕವನ್ನು ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ ಬರೆಯುತ್ತಾರೆ. ಅವರ ಕಾಗದದಲ್ಲಿ 'ರೇಇವಾ 7' ಅಂತ ಕಂಡರೆ ಅದು 2025. ಈಗಿನ ಚಕ್ರವರ್ತಿಯ ಕಾಲ 2019ರಿಂದ ಶುರು.

ದುಭಾಷಿ ಇದ್ದರೆ ಎಲ್ಲದಕ್ಕೂ ಎರಡರಷ್ಟು ಸಮಯ ಇಟ್ಟುಕೊಳ್ಳಿ. ಎರಡು ವಾಕ್ಯ ಹೇಳಿ ನಿಲ್ಲಿಸಿ. ಕಣ್ಣು ಅತಿಥಿಯ ಮೇಲಿರಲಿ. ನಿಮ್ಮ ಕಾರ್ಖಾನೆಯ ಪದಗಳ ಪಟ್ಟಿಯನ್ನು ಮೊದಲೇ ದುಭಾಷಿಗೆ ಕೊಡಿ. ಊಟದಲ್ಲಿ ಅವರಿಗೂ ತಿನ್ನಲು ಬಿಡುವು ಕೊಡಿ, ಪಾಪ, ಬಹಳ ಸಲ ಅವರ ತಟ್ಟೆ ಹಾಗೇ ಇರುತ್ತದೆ. ನಿಮ್ಮಲ್ಲಿ ಯಾರಾದರೂ ಜಪಾನಿ ಕಲಿಯಲು ಆಸೆಪಟ್ಟರೆ ಪ್ರೋತ್ಸಾಹಿಸಿ. ಕನ್ನಡದಂತೆ ಅಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ನಾವು 'ಟೋಕಿಯೋಗೆ' ಅಂದರೆ ಅವರು 'ಟೋಕಿಯೋ-ನಿ' ಅನ್ನುತ್ತಾರೆ. ಇಂಗ್ಲಿಷ್ ಮನೆಮಾತಿನವರಿಗಿಂತ ನಮಗೆ ವಾಕ್ಯ ಕಟ್ಟುವುದು ಸುಲಭ.

ಮೀಟಿಂಗ್ ನಡುವೆ ಸಹಿಗೆ ಬರುವವರು, ರಿಂಗಾಗುವ ಫೋನು, ಕನ್ನಡದಲ್ಲಿ ಪಿಸುಮಾತು, ಇವು ಮೂರನ್ನೂ ಹೊರಗಿಡಿ. ಮೊದಲ ಭೇಟಿಯಲ್ಲೇ 'ಮದುವೆ ಆಗಿದೆಯಾ, ಮಕ್ಕಳೆಷ್ಟು' ಅಂತ ಕೇಳಬೇಡಿ. ನಮಗದು ಅಕ್ಕರೆ, ಅವರಿಗೆ ಮುಜುಗರ.

ಹೆಜ್ಜೆ 8: ಊಟ

ಬಾಳೆಲೆ ಊಟ ಹಾಕಿಸಿ, ಖಂಡಿತ ಹಾಕಿಸಿ. ಅನ್ನ ತಿನ್ನುವ ಜನ, ಅನ್ನ-ಸಾರು ಅವರಿಗೆ ಬೇಗ ಹಿಡಿಸುತ್ತದೆ. ಪಕ್ಕದಲ್ಲಿ ಚಮಚ ಇರಲಿ. ನೀರು ಸೀಲ್ ಇರುವ ಬಾಟಲಿಯಲ್ಲೇ ಕೊಡಿ, ಐಸ್ ಬೇಡ. ಕಾಫಿಗೆ ಸಕ್ಕರೆ ಬೇರೆ ಇಡಿ.

ಆದರೆ ಒಂದು ವಿಷಯ ಬಡಿಸುವವರಿಗೆ ಮೊದಲೇ ಹೇಳಿರಬೇಕು. ಹಾಕಿದ್ದನ್ನು ಚೂರೂ ಬಿಡದೆ ತಿನ್ನುವುದು ಅವರ ಮರ್ಯಾದೆ. ಎಲೆ ಖಾಲಿಯಾದರೆ ಮತ್ತೆ ಬಡಿಸುವುದು ನಮ್ಮ ಮರ್ಯಾದೆ. ಎರಡೂ ಸೇರಿದರೆ ಪಾಪದ ಮನುಷ್ಯ ಮೂರು ಸಲ ಅನ್ನ, ಎರಡು ಸಲ ಪಾಯಸ ತಿಂದು ರಾತ್ರಿಯಿಡೀ ನರಳುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿ. ಸಾಕು ಅಂದರೆ ನಂಬಿ. ಎಲೆ ಮಡಿಚುವುದು ಹೇಗೆ, ಅದರ ಅರ್ಥವೇನು ಅಂತ ಊಟಕ್ಕೆ ಮೊದಲೇ ತೋರಿಸಿಕೊಡಿ.

ರಾತ್ರಿ ಊಟ ಏಳಕ್ಕೇ ಶುರುವಾಗಲಿ. ನಮ್ಮ ಒಂಬತ್ತು ಗಂಟೆ ಅವರ ದೇಹಕ್ಕೆ ರಾತ್ರಿ ಹನ್ನೆರಡೂವರೆ. ಕುಡಿಯುವವರಿದ್ದರೆ ತಮ್ಮ ಗ್ಲಾಸಿಗೆ ತಾವೇ ಸುರಿದುಕೊಳ್ಳುವುದಿಲ್ಲ, ಒಬ್ಬರಿಗೊಬ್ಬರು ಸುರಿಯುತ್ತಾರೆ. ಎಲ್ಲರ ಗ್ಲಾಸೂ ತುಂಬಿದ ಮೇಲೆ 'ಕಂಪಾಯ್' ಅಂದು ಒಟ್ಟಿಗೆ ಎತ್ತುತ್ತಾರೆ. ನೀವು ಕುಡಿಯುವುದಿಲ್ಲವಾದರೆ ಮೂಸಂಬಿ ರಸ ಎತ್ತಿದರೂ ನಡೆಯುತ್ತದೆ. ಜಪಾನಿ ಹೋಟೆಲಿಗೆ ಕರೆದೊಯ್ದರೆ ಊಟದ ಕಡ್ಡಿಗಳನ್ನು (ಚಾಪ್‌ಸ್ಟಿಕ್) ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗೆ ಎಡೆ ಇಡುವ ಕ್ರಮ. ನೀವು ಸಸ್ಯಾಹಾರಿಗಳಾದರೆ ಸೂಪಿನ ಬಗ್ಗೆ ಕೇಳಿಕೊಳ್ಳಿ. ಅಲ್ಲಿನ ಸೂಪಿನ ತಳಕ್ಕೆ ಬಹಳ ಸಲ ಒಣಮೀನಿನ ರಸ ಇರುತ್ತದೆ.

ಹೆಜ್ಜೆ 9: ಉಡುಗೊರೆ

ಅವರು ತಿಂಡಿಯ ಡಬ್ಬ ತಂದೇ ತರುತ್ತಾರೆ. ಒಂದೊಂದೂ ಬೇರೆ ಬೇರೆ ಸುತ್ತಿರುತ್ತದೆ, ಇಡೀ ವಿಭಾಗಕ್ಕೆ ಹಂಚಲಿ ಅಂತ. ಎರಡೂ ಕೈಯಲ್ಲಿ ತೆಗೆದುಕೊಂಡು, ಆಮೇಲೆ ನಿಜವಾಗಿಯೂ ಹಂಚಿ.

ನೀವು ಕೊಡುವುದು ಸಣ್ಣದಿರಲಿ, ಚೆನ್ನಾಗಿ ಸುತ್ತಿರಲಿ, ಸೂಟ್‌ಕೇಸಿಗೆ ಹಿಡಿಯಲಿ. ನನ್ನ ಮೊದಲ ಆಯ್ಕೆ ಚನ್ನಪಟ್ಟಣದ ಗೊಂಬೆ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವ ಈ ಕೆಲಸಕ್ಕೂ ಜಪಾನಿಗೂ ನಂಟಿದೆ. ಚನ್ನಪಟ್ಟಣದ ಗೊಂಬೆಯ ಪಿತಾಮಹ ಅನ್ನಿಸಿಕೊಂಡ ಬಾವಾಸ್ ಮಿಯಾನ್ ಜಪಾನಿನ ಗೊಂಬೆ ಕೆಲಸ ನೋಡಿ ಕಲಿತು ಇಲ್ಲಿ ಹಬ್ಬಿಸಿದರು ಅಂತ ಹೇಳುತ್ತಾರೆ. ಜಪಾನಿನ ಮರದ ಕೊಕೇಶಿ ಗೊಂಬೆ ಕಂಡವರು ಇದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದೇ ಚಂದ. ಚಿಕ್ಕಮಗಳೂರಿನ ಕಾಫಿ ಪುಡಿ (ಚಿಕೋರಿ ಇಲ್ಲದ್ದು), ಗಂಧದ ಸಾಬೂನು, ರೇಷ್ಮೆ ಶಲ್ಯ ಕೂಡ ಒಳ್ಳೆಯವೇ. ಊದುಬತ್ತಿ ಮಾತ್ರ ಯೋಚಿಸಿ ಕೊಡಿ. ಅಲ್ಲಿ ಸತ್ತವರ ಮನೆಗೆ ಸಂತಾಪದ ಜೊತೆ ಊದುಬತ್ತಿ ಕಳಿಸುವ ರೂಢಿ ಇದೆ. ನಾಲ್ಕರ ಸೆಟ್ ಬೇಡ, ನಾಲ್ಕಕ್ಕೆ ಇರುವ 'ಶಿ' ಅನ್ನುವ ಹೆಸರೇ ಸಾವಿಗೂ ಇದೆ. ತಾಜಾ ಹಣ್ಣು, ಫಲತಾಂಬೂಲದ ತಟ್ಟೆ ಕೊಟ್ಟರೆ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ನಮ್ಮೆದುರು ಪೊಟ್ಟಣ ಬಿಚ್ಚದಿದ್ದರೆ ಬೇಸರ ಬೇಡ, ಅದೂ ಮರ್ಯಾದೆಯೇ.

ಹೆಜ್ಜೆ 10: ಬೀಳ್ಕೊಡುವುದು ಮತ್ತು ಮರುದಿನ

ಕಾರಿನವರೆಗೆ ಹೋಗಿ. ಕಾರು ತಿರುವು ದಾಟಿ ಕಣ್ಣಿಗೆ ಮರೆಯಾಗುವವರೆಗೆ ಅಲ್ಲೇ ನಿಂತಿರಿ. ಅವರು ಹಿಂದಿನ ಗಾಜಿನಿಂದ ನೋಡುತ್ತಿರುತ್ತಾರೆ.

ಅದೇ ರಾತ್ರಿ ಒಂದು ಮೇಲ್ ಹೋಗಬೇಕು: ಧನ್ಯವಾದ, ಏನೇನು ಮಾತಾಯಿತು, ಯಾವ ಕೆಲಸ ಯಾರದು, ಯಾವ ತಾರೀಕಿಗೆ. ಜೊತೆಗೆ ಫೋಟೊಗಳು, ನೋಡಿದ ಮಿಷನ್‌ಗಳ ಹೆಸರು, ಹೇಳಿದ ಅಂಕಿಗಳು. ಊರಿಗೆ ಹೋದ ತಕ್ಷಣ ಅವರು ತಮ್ಮ ಮೇಲಿನವರಿಗೆ ಪ್ರವಾಸದ ವರದಿ ಬರೆಯಬೇಕು. ನಿಮ್ಮ ಮೇಲ್ ಚೆನ್ನಾಗಿದ್ದರೆ ಆ ವರದಿಯ ಅರ್ಧ ಕೆಲಸ ಮುಗಿದಿರುತ್ತದೆ.

ಆಮೇಲೆ 'ಹೋ-ರೆನ್-ಸೋ'. ಹೋಕೊಕು ಅಂದರೆ ವರದಿ, ರೆನ್‌ರಾಕು ಅಂದರೆ ತಿಳಿಸುವುದು, ಸೋದಾನ್ ಅಂದರೆ ಸಲಹೆ ಕೇಳುವುದು. ಸೇರಿಸಿ ಹೇಳಿದರೆ ಅವರ ಪಾಲಕ್ ಸೊಪ್ಪಿನ ಹೆಸರೂ ಅದೇ, ಅದಕ್ಕೇ ಹೊಸಬರಿಗೆ ಬೇಗ ನೆನಪಿರುತ್ತದೆ. ಸ್ಯಾಂಪಲ್ 20ನೇ ತಾರೀಕಿಗೆ ಕೊಡುತ್ತೇವೆ ಅಂದಿದ್ದು 23 ಆಗುವ ಹಾಗಿದ್ದರೆ, ಅದು ನಿಮಗೆ 12ಕ್ಕೇ ಗೊತ್ತಾದರೆ, 12ಕ್ಕೇ ಬರೆಯಿರಿ. ಕಾರಣ, ಹೊಸ ತಾರೀಕು, ನೀವು ಈಗ ಮಾಡುತ್ತಿರುವುದು, ಈ ಮೂರು ಸಾಲು ಸಾಕು.